ಬಿಸಿಲಿನ ಬೆನ್ನು ಹತ್ತಿದವನು

ಹೆಣ ಬಂಡೆಯ ಬುಡದಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ಮೇಲೆ, ಬಂಡೆಯ ನೆತ್ತಿಯಲ್ಲಿ, ಹಸಿರು ಟೆಂಟೊಂದು ಏನೂ ಆಗಿಲ್ಲವೆಂಬಂತೆ ನಿಂತಿತ್ತು.

ಸತ್ತವಳು ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡುವ ಹುಡುಗಿ. ಮೂರು ದಿನಗಳ ಹಿಂದೆ ಒಬ್ಬಳೇ ಬೆಟ್ಟ ಹತ್ತಿದ್ದಳು. ನಿನ್ನೆ ಮುಸ್ಸಂಜೆಯಲ್ಲಿ ಅರಣ್ಯ ಕಾವಲುಗಾರ ಹೆಣ ಕಂಡು, ಬಿದ್ದು ಎದ್ದು ಕೆಳಗೆ ಓಡಿ ಬಂದು ಸುದ್ದಿ ಮುಟ್ಟಿಸಿದ್ದ. ಈಗ ಅವನೇ ಲಾಕಪ್ಪಿನಲ್ಲಿದ್ದ.

ಇನ್ಸ್‌ಪೆಕ್ಟರ್ ಮೊಣಕಾಲೂರಿ ಕೂತಳು. ಹುಡುಗಿಯ ಹಿಂದಲೆ ಒಡೆದಿತ್ತು. ಉಗುರುಗಳಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು. ಬೀಳುವ ಮುಂಚೆ ನೆಲ ಹಿಡಿಯಲು ಒದ್ದಾಡಿದ್ದಾಳೆ ಪಾಪ, ಅನ್ನಿಸಿತು.

"ಯಾವಾಗ ಸತ್ತಿದ್ದು?"

"ನಿನ್ನೆ ಹಗಲು. ಬೆಳಿಗ್ಗೆನೂ ಇರಬಹುದು, ಸಂಜೆನೂ ಇರಬಹುದು," ಅಂದರು ಡಾಕ್ಟರು. "ಈ ಚಳೀಲಿ ಅದಕ್ಕಿಂತ ಹೆಚ್ಚು ಹೇಳಕ್ಕಾಗಲ್ಲ."

"ಸಂಜೇನೇ ಮೇಡಂ," ಹೆಡ್ ಕಾನ್‌ಸ್ಟೇಬಲ್ ಬಾಯಿ ಹಾಕಿದ. ಠಾಣೆಯಲ್ಲಿ ಅವನಿಗೆ ರೇಡಿಯೋ ಅಂತಲೇ ಹೆಸರು. ಒಮ್ಮೆ ಶುರುವಾದರೆ ಆರಿಸುವ ಗುಂಡಿಯೇ ಇಲ್ಲ. "ನಾಲ್ಕು ಗಂಟೆಗೆ ಅಕ್ಕನಿಗೆ ಮೆಸೇಜ್ ಕಳಿಸಿದಾಳಲ್ಲ. 'ಆ ಕಾವಲುಗಾರ ಮತ್ತೆ ಬಂದಿದಾನೆ. ಕುಡಿದಿದಾನೆ. ಭಯ ಆಗ್ತಿದೆ.' ಇನ್ನೇನು ಬೇಕು? ಹಿಂದಿನ ದಿನ ಇವಳ ಹತ್ರ ಜಗಳ ಆಡಿದ್ದು ನಿಜ ಅಂತ ಅವನೇ ಒಪ್ಕೊಂಡಿದಾನೆ. ಕೇಸ್ ಮುಗಿದಂಗೇ."

ಇನ್ಸ್‌ಪೆಕ್ಟರ್ ಬಂಡೆಯ ಮೇಲೆ ಹತ್ತಿದಳು.

ಟೆಂಟಿನೊಳಗೆ ಎಲ್ಲ ಒಪ್ಪವಾಗಿತ್ತು. ಸ್ಲೀಪಿಂಗ್ ಬ್ಯಾಗು, ರೆಕಾರ್ಡರ್, ಬಟ್ಟೆ, ದಿಂಬಿನ ಹತ್ತಿರ ಫೋನು. ಹೊರಗೆ, ಪಡುವಣ ಬದಿಗೆ, ಪುಸ್ತಕದಷ್ಟು ಅಗಲದ ಸೋಲಾರ್ ಪ್ಯಾನೆಲ್ ಕಲ್ಲಿಗೆ ಒರಗಿ ನಿಂತಿತ್ತು. ವೈರು ಜೋತು ಬಿದ್ದಿತ್ತು. ಒಲೆಯ ಗುಂಡುಗಳ ಹಾಗೆ ಮೂರು ಕಲ್ಲು ಕೊಟ್ಟು ನಿಲ್ಲಿಸಿದ್ದರು.

ಅಂಥ ಮೂರು ಕಲ್ಲು ಮೂಡಣ ಬದಿಗೂ ಇದ್ದವು. ಟೆಂಟಿನ ಮುಂದೆ ಇನ್ನೂ ಮೂರು. ಆಗಷ್ಟೇ ಕಿತ್ತು ತಂದ ಕಲ್ಲುಗಳು. ಕೆಳಮೈಯ ಮಣ್ಣು ಮೇಲಾಗಿತ್ತು.

"ಫೋಟೋ ತೆಗೀರಿ," ಅಂದಳು.

"ಇದ್ರಲ್ಲೇನಿದೆ ಮೇಡಂ? ಬಿಸಿಲು ಹೋದ ಕಡೆ ಹುಡುಗಿ ಪ್ಯಾನೆಲ್ ಒಯ್ದಿದಾಳೆ."

"ಇರಬಹುದು. ಫೋಟೋ ತೆಗೀರಿ."

* * *

ಠಾಣೆಯ ಬೆಂಚಿನ ಮೇಲೆ ಕಾವಲುಗಾರನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಗಂಡನ ಸ್ವೆಟರ್. ರಾತ್ರಿ ಲಾಕಪ್ಪಿನಲ್ಲಿ ಚಳಿಯಾಗುತ್ತದೆಂದು ತಂದಿದ್ದಳು. ಕೊಡಲು ಯಾರೂ ಬಿಟ್ಟಿರಲಿಲ್ಲ.

ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಸಾಹೇಬರು.

"ಸಂಜೆ ಅವನನ್ನ ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸಿ. ಪೇಪರಿನವರು ನನ್ನ ಪ್ರಾಣ ತಿಂತಿದಾರೆ."

"ಸಂಜೆವರೆಗೆ ಟೈಮ್ ಇದೆಯಲ್ಲ ಸರ್."

"ಇದೆ. ಆದ್ರೆ ಅಗೆದು ಅಗೆದು ಹೊಸ ತಲೆನೋವು ತರಬೇಡಿ."

ಲಾಕಪ್ಪಿನಲ್ಲಿದ್ದ ಕಾವಲುಗಾರನ ಕೆಳತುಟಿ ಸೀಳಿತ್ತು. ಇನ್ಸ್‌ಪೆಕ್ಟರ್ ರೇಡಿಯೋ ಕಡೆ ತಿರುಗಿದಳು. ರೇಡಿಯೋ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು.

"ನಿನ್ನೆ ಬೆಳಿಗ್ಗೆ ಎಲ್ಲಿದ್ದೆ?"

"ಫಾರೆಸ್ಟ್ ಡಿಪೋದಲ್ಲಿ ಮೇಡಂ, ಎಲ್ಲರ ಜೊತೆ. ಊಟ ಆದ್ಮೇಲೆ ಒಬ್ನೇ ಹೊರಟೆ."

"ನಾಲ್ಕು ಗಂಟೆಗೆ?"

"ಬೆಟ್ಟದ ಆ ಪಕ್ಕ. ಯಾರೂ ನೋಡಿಲ್ಲ. ಮೊನ್ನೆ ಬೈದಿದ್ದು ನಿಜ. ಒಣಹುಲ್ಲಲ್ಲಿ ಸ್ಟೌ ಹಚ್ಚಿದ್ಲು. ಬೆಂಕಿ ಬಿದ್ರೆ ನೀನೇ ಮೊದಲು ಸಾಯ್ತೀಯಮ್ಮಾ ಅಂದೆ. ಅಷ್ಟೇ. ಇವತ್ತಾದ್ರೂ ಹುಷಾರಾಗಿದಾಳಾ ಅಂತ ನೋಡಕ್ಕೆ ನಿನ್ನೆ ಹೋದೆ."

"ನಾಲ್ಕು ಗಂಟೆಗೆ ಆ ಕಡೆಯಿಂದ ಟೆಂಟ್ ಕಾಣ್ತಿತ್ತಾ?"

"ಆಗ ಕಾಣ್ತಾ ಇತ್ತು. ಮೂರರವರೆಗೂ ನೆತ್ತಿ ತುಂಬಾ ಮಂಜು."

"ನಿನ್ನೆ ಮಂಜಾ? ಊರಲ್ಲಿ ತಲೆ ಸುಡೋ ಬಿಸಿಲಿತ್ತು."

"ಕೆಳಗೆ ಬಿಸಿಲು, ಮೇಲೆ ಮಂಜು. ಈ ತಿಂಗಳಲ್ಲಿ ಹಂಗೇ."

ಅವಳು ಎದ್ದು ಹೊರಗೆ ಬಂದಳು. ಕಾವಲುಗಾರನ ಹೆಂಡತಿಯ ಮಡಿಲಿನಿಂದ ಸ್ವೆಟರ್ ತೆಗೆದುಕೊಂಡು ತಾನೇ ಒಳಗೆ ಕೊಟ್ಟಳು.

* * *

ಸತ್ತವಳ ಅಕ್ಕ ಗಂಡನೊಂದಿಗೆ ಬಂದಳು. ಸೆಕೆಯಲ್ಲೂ ಮುಂಗೈವರೆಗೆ ತೋಳಿನ ರವಿಕೆ. ಕೂತ ಮೇಲೆ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

ಗಂಡ ಬಣ್ಣದ ಅಂಗಡಿಯವನು. ಇಸ್ತ್ರಿ ಕೆಡದ ಅಂಗಿ, ಅಳೆದು ಆಡುವ ಮಾತು. "ಇವಳು ಮಾತಾಡೋ ಸ್ಥಿತೀಲಿಲ್ಲ ಮೇಡಂ. ನನ್ನನ್ನೇ ಕೇಳಿ."

"ನಿನ್ನೆ ನೀವು ಎಲ್ಲಿದ್ರಿ?"

"ಮನೇಲಿ. ಅಂಗಡಿಗೆ ರಜೆ. ಅಲ್ವೇನೇ?"

ಅಕ್ಕ ತಲೆಯಾಡಿಸಿದಳು.

"ನಾದಿನಿ ಅಂದ್ರೆ ನಂಗೆ ಮಗಳಿದ್ದಂಗೆ," ಅಂದ ಭಾವ. "ಬೆಟ್ಟದ ಬುಡದವರೆಗೆ ಕಾರಲ್ಲಿ ಬಿಟ್ಟುಬಂದವನು ನಾನು. ಆ ಸೋಲಾರ್ ಚಾರ್ಜರ್ ಕೂಡ ನಾನೇ ಆರಿಸಿ ಕೊಡಿಸಿದ್ದು. ಅದಿಲ್ದೆ ಇದ್ದಿದ್ರೆ ಕಡೇ ಮೆಸೇಜೂ ಬರ್ತಿರಲಿಲ್ಲ."

"ಫೋನಿನ ಲಾಕ್ ನಂಬರ್ ಯಾರಿಗೆ ಗೊತ್ತು?"

"ನನ್ನ ಹುಟ್ಟಿದ ತಾರೀಕು," ಅಕ್ಕ ಮೊದಲ ಸಲ ಬಾಯಿ ಬಿಟ್ಟಳು. "ಮನೆಯವರಿಗೆಲ್ಲ ಗೊತ್ತು."

ಗಂಡನ ಕೈ ಅವಳ ಭುಜದ ಮೇಲೆ ಬಂತು. ಸಮಾಧಾನ ಮಾಡುವ ಕೈ ಹಾಗೆ ಬಿಗಿಯುವುದಿಲ್ಲ ಎಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು.

ಅವರು ಹೋದ ಮೇಲೆ ಫೋನ್ ಪರೀಕ್ಷೆಯವನು ಕರೆ ಮಾಡಿದ. "ಮೊನ್ನೆ ರಾತ್ರಿ ಚಾರ್ಜ್ ಮುಗಿದು ಸತ್ತಿದೆ ಮೇಡಂ. ನಿನ್ನೆ ಮೂರೂವರೆ ದಾಟಿದ ಮೇಲೆ ಜೀವ ಬಂದಿದೆ. ಹಾಗೆ ಆರಿಹೋಗಿ ಆನ್ ಆದಾಗ ಬೆರಳಿಟ್ಟರೆ ತೆಗೆಯಲ್ಲ, ನಂಬರ್ ಒತ್ತಲೇಬೇಕು."

ಅವಳು ಟೋಪಿ ತೆಗೆದುಕೊಂಡಳು.

"ಎಲ್ಲಿಗೆ ಮೇಡಂ?"

"ಸೋಲಾರ್ ಚಾರ್ಜರ್ ಕೊಳ್ಳಕ್ಕೆ."

* * *

ಚಾರಣದ ಸಾಮಾನಿನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಮಾಡಿನಿಂದ ಹಗ್ಗ, ಬೂಟು, ಟೆಂಟು ನೇತಾಡುತ್ತಿದ್ದವು. ಅಂಗಡಿಯಾಕೆ ಫೋಟೋದಲ್ಲಿನ ಪ್ಯಾನೆಲ್ ನೋಡಿ ಮುಖ ಹುಳ್ಳಗೆ ಮಾಡಿದಳು.

"ಬಣ್ಣದ ಅಂಗಡಿಯವರು ತಗೊಂಡಿದ್ದು. ಬೇಡ ಅಂತ ಬಡ್ಕೊಂಡೆ."

"ಯಾಕೆ ಬೇಡ?"

"ಎಷ್ಟು ದಿನ, ಎಂಥ ಜಾಗ ಅಂತ ನಾನು ಮೊದಲೇ ಕೇಳ್ತೀನಿ. ನಾಲ್ಕು ದಿನ, ಬೆಟ್ಟದ ಮೇಲೆ ಅಂದ್ರು. ಮೋಡ ಮಂಜು ಇದ್ರೆ ಈ ಚಿಕ್ಕದು ಏನೂ ಎಳೆಯಲ್ಲ ಸಾರ್, ನಾಲ್ಕು ಮಡಿಕೆ ಮಡಚೋ ದೊಡ್ಡದು ತಗೊಳ್ಳಿ, ತೂಕ ಸ್ವಲ್ಪ ಜಾಸ್ತಿ, ಆದ್ರೆ ಮಂದ ಬೆಳಕಲ್ಲೂ ಕೆಲಸ ಮಾಡುತ್ತೆ ಅಂದೆ. ಜೊತೆಗೆ ಪವರ್ ಬ್ಯಾಂಕ್ ಬೇಕೇ ಬೇಕು. ಬಿಸಿಲಿದ್ದಾಗ ಅದಕ್ಕೆ ತುಂಬಿಸಿಟ್ಟು, ಬೇಕಾದಾಗ ಅದರಿಂದ ಫೋನಿಗೆ. ಕಾದ ಪ್ಯಾನೆಲ್ ಪಕ್ಕ ಬಿಸಿಲಲ್ಲಿ ಫೋನ್ ಇಡಬಾರದು. 'ನಂಗೆ ಬುದ್ಧಿ ಹೇಳಕ್ಕೆ ಬರಬೇಡಿ' ಅಂದ್ಬಿಟ್ರು."

"ಮತ್ತೆ?"

"ಎರಡು ದಿನ ಬಿಟ್ಟು ಆ ಹುಡುಗಿ ಬಂದ್ಲು. ಬದಲಾಯಿಸಿ ಕೊಡ್ತೀನಿ ಅಂದೆ. ಬೇಡ, ಭಾವನಿಗೆ ಗೊತ್ತಾದ್ರೆ ಅಕ್ಕನಿಗೆ ಗ್ರಹಚಾರ ಅಂದ್ಲು. ಪವರ್ ಬ್ಯಾಂಕ್ ಒಂದು ತಗೊಂಡು ಹೋದ್ಲು."

ಇನ್ಸ್‌ಪೆಕ್ಟರ್ ನಿಂತಲ್ಲೇ ನಿಂತಳು. "ಟೆಂಟಿನಲ್ಲಿ ಪವರ್ ಬ್ಯಾಂಕ್ ಇರಲಿಲ್ಲ."

"ಸ್ಲೀಪಿಂಗ್ ಬ್ಯಾಗ್ ಒಳಗೆ ನೋಡಿದ್ರಾ? ಕಾಲಿನ ಹತ್ರ? ಚಳಿಗೆ ಬ್ಯಾಟರಿ ಇಳಿದುಹೋಗುತ್ತೆ. ಮಗು ಥರ ಜೊತೇಲೇ ಮಲಗಿಸ್ಕೋ ಅಂತ ನಾನೇ ಹೇಳಿದ್ದೆ." ಅಂಗಡಿಯಾಕೆ ಕಣ್ಣೊರೆಸಿಕೊಂಡಳು. "ಹ್ಞೂಂ ಅಂತ ನಕ್ಕಿದ್ಲು."

* * *

ಠಾಣೆಗೆ ತಂದಿಟ್ಟಿದ್ದ ಸ್ಲೀಪಿಂಗ್ ಬ್ಯಾಗಿನ ತಳದಲ್ಲಿ ಉಣ್ಣೆಯ ಕಾಲ್ಚೀಲವೊಂದು ಸಿಕ್ಕಿತು. ಒಳಗೆ ಗಟ್ಟಿಯಾದದ್ದೇನೋ. ಇನ್ಸ್‌ಪೆಕ್ಟರ್ ಕೈಗವಸು ತೊಟ್ಟು ಹೊರಗೆಳೆದು ಗುಂಡಿ ಒತ್ತಿದಳು. ನಾಲ್ಕಕ್ಕೆ ನಾಲ್ಕೂ ದೀಪ ಹೊತ್ತಿಕೊಂಡವು. ತುಂಬಿದೆ.

ರೇಡಿಯೋ ಬಾಯಿ ತೆರೆದ. ಮುಚ್ಚಿದ. ಅವನ ಸರ್ವೀಸಿನಲ್ಲಿ ಅದೊಂದು ದಾಖಲೆ.

"ಆ ದಂಪತಿಗಳನ್ನ ಮತ್ತೆ ಕರೆಸಿ," ಅಂದಳು.

* * *

ಮೇಜಿನ ಮೇಲೆ ಪ್ಯಾನೆಲ್ ಇತ್ತು. ಕಿಟಕಿಯಾಚೆ ಜೈಲಿನ ವ್ಯಾನು ಬಂದು ನಿಂತಿತ್ತು.

"ಸಣ್ಣ ತೊಂದರೆ," ಅಂದಳು ಇನ್ಸ್‌ಪೆಕ್ಟರ್, ಭಾವನ ಕಡೆಗೆ ನೋಡದೆಯೇ. "ನೀವು ಕೊಡಿಸಿದ ಈ ಪ್ಯಾನೆಲ್ ದಂಡದ್ದು. ಕೆಲಸಕ್ಕೆ ಬರಲ್ಲ. ಪಾಪ, ನಿಮಗೆ ಟೋಪಿ ಹಾಕಿದಾರೆ."

"ಯಾರು ಹೇಳಿದ್ದು?" ಅವನ ಕಿವಿ ಕೆಂಪಾಯಿತು.

"ಇಡೀ ದಿನ ಇಟ್ಟರೂ ಫೋನ್ ಆನ್ ಆಗಿದ್ದು ಮೂರೂವರೆಗೆ. ಯಾರೋ ಮೂರು ಕಡೆ ಕಲ್ಲು ಜೋಡಿಸಿ ಒದ್ದಾಡಿದಾರೆ. ನೋಡಿ ತಗೋಬಾರದಿತ್ತಾ?"

"ನಾನು ನೋಡಿಯೇ ತಗೊಂಡಿದ್ದು! ಮೂರು ಗಂಟೆವರೆಗೂ ಆ ಪಾಟಿ ಮಂಜು ಕವಿದಿದ್ರೆ ಯಾವ ಪ್ಯಾನೆಲ್ ತಾನೇ ಕೆಲಸ ಮಾಡುತ್ತೆ? ಬಿಸಿಲು ಬಿದ್ದ ಮೇಲೆ ಆಯ್ತಲ್ಲ!"

ಈಗ ಅವಳು ನೇರವಾಗಿ ಅವನ ಮುಖ ನೋಡಿದಳು.

"ನಿನ್ನೆ ಊರಲ್ಲಿ ಬೆಳಿಗ್ಗೆಯಿಂದ ಸುಡುಬಿಸಿಲು," ಅಂದಳು ಇನ್ಸ್‌ಪೆಕ್ಟರ್. "ಮಂಜು ಇದ್ದದ್ದು ನೆತ್ತಿ ಮೇಲೆ ಮಾತ್ರ. ಅದು ಬಿಟ್ಟದ್ದು ಮೂರು ಗಂಟೆಗೆ ಅಂತ ಮನೇಲಿದ್ದ ನಿಮಗೆ ಹೇಗೆ ಗೊತ್ತು?"

ಅವನು ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಬೆಳಿಗ್ಗೆ ಹತ್ತಿದ್ರಿ. ಜಗಳ ಆಯ್ತು. ತಳ್ಳಿದ್ರಿ. ಅವಳು ಕಾವಲುಗಾರನ ಮೇಲೆ ಬೇಜಾರು ಮಾಡ್ಕೊಂಡಿದ್ದು ನಿಮಗೆ ಗೊತ್ತಿತ್ತು. ಅವಳ ಫೋನಿಂದ ಒಂದು ಮೆಸೇಜ್ ಹೋದ್ರೆ ಸಾಕು, ತಪ್ಪು ಅವನ ತಲೆಗೆ. ಆದ್ರೆ ಫೋನ್ ಸತ್ತಿತ್ತು. ಪ್ಯಾನೆಲ್ ತೆಗೆದು ಬೆಳಕು ಕಂಡ ಕಡೆಯೆಲ್ಲ ಇಟ್ರಿ. ಮೂಡಣಕ್ಕೆ, ನಡುವಿಗೆ, ಕೊನೆಗೆ ಪಡುವಣಕ್ಕೆ. ಕೆಳಗೆ ಹೆಣ. ಮೇಲೆ ನೀವು, ಹಗಲಿಡೀ ಬಿಸಿಲಿನ ಬೆನ್ನು ಹತ್ತಿ."

"ಸುಳ್ಳು. ಅವಳೇ ಚಾರ್ಜ್ ಮಾಡ್ಕೊಂಡಿರ್ತಾಳೆ."

ಇನ್ಸ್‌ಪೆಕ್ಟರ್ ಖಾನೆಯಿಂದ ಕಾಲ್ಚೀಲ ತೆಗೆದು, ಪವರ್ ಬ್ಯಾಂಕನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ದೀಪಗಳು ಹೊತ್ತಿದವು.

"ಇದು ಅವಳ ಸ್ಲೀಪಿಂಗ್ ಬ್ಯಾಗಿನ ಕಾಲಬುಡದಲ್ಲಿತ್ತು. ತುಂಬಿತ್ತು. ಬದುಕಿದ್ದರೆ ವೈರ್ ಚುಚ್ಚಿ ಮೆಸೇಜ್ ಕಳಿಸೋಳು. ಮಂಜಲ್ಲಿ ಕಲ್ಲು ಹೊರಬೇಕಾಗಿರಲಿಲ್ಲ. ಚಾರ್ಜ್ ಮಾಡಿದವರಿಗೆ ಇದು ಇರೋದೇ ಗೊತ್ತಿರಲಿಲ್ಲ. ಲಾಕ್ ನಂಬರ್ ಮಾತ್ರ ಗೊತ್ತಿತ್ತು. ಕಾವಲುಗಾರನಿಗೆ ನಂಬರ್ ಗೊತ್ತಿಲ್ಲ, ಕಲ್ಲು ಜೋಡಿಸೋ ಹೊತ್ತಲ್ಲಿ ಡಿಪೋದಲ್ಲಿದ್ದ. ದೊಡ್ಡ ಪ್ಯಾನೆಲ್ ಕೊಂಡಿದ್ರೆ ನೀವು ಆ ಮಂಜಲ್ಲೇ ಕೆಲಸ ಮುಗಿಸಿ ಇಳಿದಿರ್ತಿದ್ರಿ. ನಮಗೆ ಒಂದೇ ಕಡೆ ಕಲ್ಲು ಸಿಗೋದು. ಯಾರಿಗೂ ಅನುಮಾನ ಬರ್ತಿರಲಿಲ್ಲ."

ಭಾವ ಪವರ್ ಬ್ಯಾಂಕನ್ನೇ ನೋಡುತ್ತಿದ್ದ. ಹೆಂಡತಿಯತ್ತ ತಿರುಗಿ ಹಲ್ಲು ಕಚ್ಚಿ ಕೇಳಿದ. "ನಿಂಗೆ ಗೊತ್ತಿತ್ತಾ ಇದು?"

ಅಕ್ಕ ಮೆಲ್ಲಗೆ ತಲೆಯೆತ್ತಿದಳು.

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀವು ತಂದದ್ದು ಸಾಲಲ್ಲ ಅಂತ ನಮ್ಮನೇಲಿ ಯಾರು ಹೇಳ್ತಾರೆ?"

ರೇಡಿಯೋ ಮುಂದೆ ಬಂದು ಅವನ ತೋಳು ಹಿಡಿದ.

* * *

ಕಾವಲುಗಾರ ಹೊರಗೆ ಬಂದಾಗ ಸ್ವೆಟರ್ ತಿರುಗುಮುರುಗಾಗಿತ್ತು. ಹೆಂಡತಿ ಅದನ್ನು ಸರಿಮಾಡಲಿಲ್ಲ. ಅವನ ಕೈ ಹಿಡಿದು ದರದರ ಎಳೆದುಕೊಂಡು ಹೋದಳು, ಯಾರಾದರೂ ಮನಸ್ಸು ಬದಲಾಯಿಸುವ ಮುಂಚೆ. ವ್ಯಾನು ಬೇರೊಬ್ಬನನ್ನು ಹತ್ತಿಸಿಕೊಂಡು ಹೊರಟಿತು.

ಖಾಲಿಯಾದ ಬೆಂಚಿನ ಮೇಲೆ ಅಕ್ಕ ಕೂತಳು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಳು.

"ಜಗಳ ಯಾಕೆ ಅಂತ ಗೊತ್ತಾ?"

"ಮನೇಲಿ ನನ್ನ ಫೋನ್ ಸ್ಪೀಕರಲ್ಲೇ ಇರಬೇಕು. ತಂಗಿಗೆ ಅದು ಗೊತ್ತಿರಲಿಲ್ಲ. ಮೊನ್ನೆ ಸಂಜೆ ಫೋನ್ ಮಾಡಿ ಕಾವಲುಗಾರ ಬೈದಿದ್ದು ಹೇಳಿದ್ಲು. ಆಮೇಲೆ, 'ಇಳಿದು ಬಂದ ತಕ್ಷಣ ನಿನ್ನ ಕರ್ಕೊಂಡು ಹೋಗ್ತೀನಿ ಅಕ್ಕಾ, ಬಟ್ಟೆ ಕಟ್ಟಿಟ್ಕೋ' ಅಂದ್ಲು." ಅವಳು ತೋಳು ಮೇಲೆ ಸರಿಸಿದಳು. ಮುಂಗೈ ಸುತ್ತ ನೀಲಿಗಟ್ಟಿದ ಬೆರಳ ಗುರುತುಗಳು. "ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರು. ಬೆಳಿಗ್ಗೆ ಕಾರ್ ತಗೊಂಡು ಹೋದ್ರು."

"ಮನೇಲಿದ್ರು ಅಂತ ತಲೆ ಆಡಿಸಿದ್ರಲ್ಲ?"

"ಆಡಿಸಿ ಅಭ್ಯಾಸ."

ಇನ್ಸ್‌ಪೆಕ್ಟರ್ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ತಣ್ಣಗಿತ್ತು.

"ಇನ್ನೊಂದು ಹೇಳ್ಬೇಕು ಮೇಡಂ," ಅಂದಳು ಅಕ್ಕ. "ಮೆಸೇಜ್ ಬಂತಲ್ಲ, ಭಯ ಆಗ್ತಿದೆ ಅಂತ. ನಂಗೆ ಕೈಕಾಲೇ ಆಡಲಿಲ್ಲ. ತಕ್ಷಣ ಇವರಿಗೆ ಫೋನ್ ಮಾಡ್ದೆ. ತಂಗೀನ ಉಳಿಸ್ಕೊಡಿ, ಬೇಗ ಬೆಟ್ಟ ಹತ್ತಿ ಅಂತ ಬೇಡ್ಕೊಂಡೆ."

"ಏನಂದ್ರು?"

"ಅಳಬೇಡ, ಈಗಲೇ ಹೋಗ್ತೀನಿ ಅಂದ್ರು. ಮದುವೆಯಾದ ಮೇಲೆ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಫೋನಲ್ಲಿ ಅವರ ಹಿಂದೆ ಹಕ್ಕಿ ಕೂಗ್ತಾ ಇತ್ತು."