ದುಬೈದಾಗ ಸತ್ತ ಅಪ್ಪ

ಗೌತಮ ಮೊದಲ ಸಲ ನೇತ್ರಾವತಿಯ ಕಣ್ಣಿಗೆ ಬಿದ್ದದ್ದು ಅವಳ ಬಾಳೆನಾರಿನ ಮೇಲೆ ನಿಂತಿದ್ದಾಗ. ಅವಳು ಬುಟ್ಟಿ ಹೆಣೆಯುತ್ತಿದ್ದ ಆನೆಗೊಂದಿಯ ನಾರಿನ ಕೇಂದ್ರದ ಅಂಗಳದಲ್ಲಿ ಬೆಳಿಗ್ಗೆಯಷ್ಟೇ ಒಣಹಾಕಿದ ಎಳೆಗಳ ನಟ್ಟನಡುವೆ ಬೂಟುಗಾಲು ಊರಿ, ಎದುರಿನ ಬಂಡೆಗುಡ್ಡದ ಫೋಟೊ ತೆಗೆಯುತ್ತಿದ್ದ ಮಹಾನುಭಾವ.

"ಕಾಲ ಕೆಳಗ ನೋಡ್ರಿ. ಅದು ಬುಟ್ಟಿ ಆಗೋದೈತಿ, ಕಾಲೊರಸು ಅಲ್ಲ."

ಅವನು ಕೆಳಗೆ ನೋಡಲಿಲ್ಲ, ಅವಳನ್ನೇ ನೋಡಿದ. ಒಂದು ಕಾಲು ಎತ್ತಿ, ಅದನ್ನು ಎಲ್ಲಿಡಬೇಕೋ ತಿಳಿಯದೆ ಕೊಕ್ಕರೆಯ ಹಾಗೆ ನಿಂತ. ನಗಬಾರದೆಂದು ನೇತ್ರಾವತಿ ತುಟಿ ಕಚ್ಚಿದಳು. ತುಟಿ ಅವಳ ಮಾತು ಕೇಳಲಿಲ್ಲ.

ಕುಷ್ಟಗಿಯ ಹುಡುಗ. ಅಪ್ಪ ಪಂಪಾಪತಿ ಸರಕಾರಿ ನೌಕರ. ಗೆಳೆಯರನ್ನು ಕಟ್ಟಿಕೊಂಡು ಸಿನಿಮಾ ಮಾಡಲು ಹೊರಟಿದ್ದ, ಫ್ಯಾಮಿಲಿ ಕಾಮಿಡಿ, ಕೊನೆಗೊಂದು ಮೆಸೇಜ್. ಶೂಟಿಂಗಿಗೆ ಜಾಗ ಹುಡುಕುವ ನೆಪದಲ್ಲಿ ವಾರಕ್ಕೆರಡು ಸಲ ಬಂದ, ಮನೆಯಲ್ಲಿ ಇಡಲು ಜಾಗ ಸಾಲದಷ್ಟು ಬುಟ್ಟಿ ಕೊಂಡ. ಕೊಡುವಾಗ ಬೆರಳಿಗೆ ಬೆರಳು ತಾಗದಂತೆ ಅವಳು ಎಚ್ಚರ ವಹಿಸುತ್ತಿದ್ದಳು. ನಾಲ್ಕನೆಯ ಬುಟ್ಟಿಯ ಹೊತ್ತಿಗೆ ಆ ಎಚ್ಚರ ಎಲ್ಲಿ ಹೋಯಿತೋ ಅವಳಿಗೇ ಗೊತ್ತಿಲ್ಲ.

ಸಾಣಾಪುರದ ಕೆರೆಯ ಬಂಡೆಯ ಮೇಲೆ ಕೂತು ಒಂದು ಮಧ್ಯಾಹ್ನ ಅವನು ಅವಳ ಅಪ್ಪನ ಬಗ್ಗೆ ಕೇಳಿದ. ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಅವಳು ಹೇಳಿದಳು. ಅವ್ವ ದುರಗಮ್ಮನಿಗೆ ಸಣ್ಣಂದಿನಲ್ಲೇ ದೇವಿಯ ಹೆಸರಲ್ಲಿ ಕೊರಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಹಾಗೆ ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಸಾಯಲು ಗಂಡನೇ ಇಲ್ಲವಾದ್ದರಿಂದ ತಾನು ಸಾಯುವತನಕ ಮುತ್ತೈದೆ, ಹಣೆಯ ಕುಂಕುಮ, ಕೈಯ ಹಸಿರು ಬಳೆ ತೆಗೆಯುವಂತಿಲ್ಲ. ಬೇರೆಯವರ ಮದುವೆಯಲ್ಲಿ ತಾಳಿ ಪೋಣಿಸಲು ಅವ್ವನನ್ನೇ ಕರೆಯುತ್ತಿದ್ದರು, ಊಟಕ್ಕೆ ಮಾತ್ರ ಹೊರಗೆ ಕೂರಿಸುತ್ತಿದ್ದರು. ಸಾಲಿಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯುವ ಜಾಗ ಬಂದಾಗ ನೇತ್ರಾವತಿ ಪ್ರತಿಸಲ ಅದನ್ನು ಖಾಲಿ ಬಿಡುತ್ತಿದ್ದಳು.

ಗೌತಮನ ಕಣ್ಣು ತುಂಬಿತು. ಕಣ್ಣೀರು ಸುಳ್ಳಲ್ಲ, ಅಷ್ಟನ್ನು ಅವನಿಗೆ ಬಿಟ್ಟುಕೊಡಲೇಬೇಕು. "ಇದ ನನ್ನ ಸಿನಿಮಾ, ನೇತ್ರಾ," ಎಂದ. "ಇದು ತೆರಿ ಮ್ಯಾಲೆ ಬಂದ ಮ್ಯಾಲೆ ನಮ್ಮ ಮನ್ಯಾಗ ನಾ ಬೇರೆ ಏನೂ ಹೇಳೋದು ಬೇಕಾಗಂಗಿಲ್ಲ. ಆಮ್ಯಾಲೆ ನಮ್ಮ ಮದುವಿ."

ಎಂಟು ದಿನ ಅವರ ಮನೆಗೆ ಬಂದು ಕೂತ. "ಅವ್ವಾ" ಎಂದು ಕರೆದು, ಜೋಳದ ರೊಟ್ಟಿ ಉಂಡು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಮಗಳಿಗೂ ಹೇಳದ್ದನ್ನು ದುರಗಮ್ಮ ಅವನಿಗೆ ಹೇಳಿದಳು. ಇಷ್ಟು ವರ್ಷದಲ್ಲಿ ಅವಳನ್ನು ಕೇಳಿದವನು ಅವನೊಬ್ಬನೇ.

ಸಿನಿಮಾ ಗಂಗಾವತಿಗೆ ಬಂದ ದಿನ ದುರಗಮ್ಮ ರೇಷ್ಮೆ ಸೀರೆ ಉಟ್ಟಳು. ಥಿಯೇಟರಿನಲ್ಲಿ ಮಗಳ ಕೈ ಹಿಡಿದು ಕೂತಳು.

ತೆರೆಯ ಮೇಲೆ ಒಬ್ಬ ಅವ್ವ, ಒಬ್ಬಳು ಮಗಳು. ಮೇಷ್ಟ್ರು ಅಪ್ಪನ ಹೆಸರು ಕೇಳುತ್ತಾರೆ, ಹುಡುಗಿ "ದುಬೈ" ಅನ್ನುತ್ತಾಳೆ, ಥಿಯೇಟರ್ ಬಿದ್ದುಬಿದ್ದು ನಗುತ್ತದೆ. ಒಂದೇ ಒಂದು ಸಲ ಕ್ಯಾಮೆರಾ ಆ ಅವ್ವನ ಕೊರಳ ಮೇಲೆ ನಿಂತಿತು. ನೇತ್ರಾವತಿ ಉಸಿರು ಹಿಡಿದಳು, ಅಷ್ಟರಲ್ಲಿ ಹಾಡು ಶುರುವಾಯಿತು. ಕೊನೆಗೆ ದುಬೈಯಿಂದ ಅಪ್ಪ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದ, ಮನೆಮಂದಿಯೆಲ್ಲ ನಿಂತು ಫೋಟೊ ತೆಗೆಸಿಕೊಂಡರು. ಸಂಸಾರವೇ ಸ್ವರ್ಗ ಎಂಬ ಮೆಸೇಜೂ ಬಂತು.

ದುರಗಮ್ಮ ಎಲ್ಲರ ಜೊತೆ ನಕ್ಕಿದ್ದಳು. ಲೈಟು ಹತ್ತಿ, ಜನ ಎದ್ದು, ಕಸ ಗುಡಿಸುವವಳು ಒಳಗೆ ಬಂದಮೇಲೂ ಏಳಲಿಲ್ಲ.

"ನಂದು ಇನ್ನಾ ಬಂದಿಲ್ಲಲ್ಲ," ಎಂದಳು.

ನೇತ್ರಾವತಿಗೆ ಸಿಟ್ಟು ನೆತ್ತಿಗೇರಿತು. ಆದರೆ ಗೌತಮ ಮರುದಿನ ಬಂದು, ದುಡ್ಡು ಹಾಕಿದವರು ಒಪ್ಪಲಿಲ್ಲ, ಮಕ್ಕಳು ಮರಿ ಕೂತು ನೋಡುವ ಸಿನಿಮಾ ಎಂದು ತಲೆ ತಗ್ಗಿಸಿ ನಿಂತಾಗ ಕರಗಿದಳು. ಪ್ರೀತಿ ಮಾಡಿದವರಿಗೆ ಕರಗುವುದಕ್ಕೆ ಕಾರಣ ಬೇಕೇನು? ಸಿನಿಮಾ ಸಿನಿಮಾನೇ, ಬಾಳ್ವೆ ಬೇರೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಅವನು ಉಳಿದದ್ದನ್ನು ಹೇಳಿದ. ಭಾನುವಾರ ಅಪ್ಪ ಅವ್ವ ಹೆಣ್ಣು ನೋಡಲು ಬರುತ್ತಾರೆ. ಅಪ್ಪ ನೌಕರಿಗೆ ಸೇರಿದ ಮೇಲೆ ತಮ್ಮ ಮಂದಿಯಲ್ಲಿ ಮುತ್ತು ಕಟ್ಟಿದವರ ಸುದ್ದಿ ಎತ್ತಿದರೂ ಎದ್ದುಹೋಗುವ ಮನುಷ್ಯ. ಹಾಗಾಗಿ ನೇತ್ರಾಳ ಅಪ್ಪ ದುಬೈಗೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡ ಎಂದು ಹೇಳಿಬಿಟ್ಟಿದ್ದಾನೆ.

"ಅವ್ವ ಅದೊಂದು ದಿನ ಕುಂಕುಮ, ಬಳಿ ತಗದು ಕುಂತರ ಸಾಕು. ನಿನ್ನ ಬಿಟ್ಟು ನನಗಿರಾಕ ಆಗಂಗಿಲ್ಲ, ನೇತ್ರಾ."

ಕೊನೆಯ ಮಾತು ಹೇಳುವಾಗ ಅವನ ದನಿ ನಡುಗಿತು. ಆ ನಡುಕಕ್ಕಾಗಿ ಅವಳು ಪ್ರಾಣ ಕೊಟ್ಟಾಳು. ಆದರೂ ಆಗದು ಎಂದಳು.

ಆಗುತ್ತದೆ ಎಂದದ್ದು ದುರಗಮ್ಮ, ಬಾಗಿಲ ಹಿಂದಿನಿಂದ. ಮಗಳು ಅತ್ತು ಕರೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ದುರಗಮ್ಮ ಒಬ್ಬಳೇ ಹಿತ್ತಲಲ್ಲಿ ಕೂತು ಬಳೆ ಒಡೆದಳು, ಹಣೆ ತೊಳೆದಳು. ಕುಂಕುಮವಿಲ್ಲದ ಆ ಮುಖವನ್ನು ನೇತ್ರಾವತಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾರೋ ಬೇರೆ ಹೆಂಗಸು ಮನೆಗೆ ಬಂದಂತೆ ಆಯಿತು.

ಗೌತಮನ ಜೊತೆ ಪಂಪಾಪತಿ, ಅವನ ಹೆಂಡತಿ ಮಾರೆಮ್ಮ ಬಂದರು. ಚಹಾ ಕುಡಿದರು. ದುಬೈದಾಗ ಅವರಿಗೆ ಏನಾಗಿತ್ತು ಎಂದು ಮಾರೆಮ್ಮ ಕೇಳಿದಾಗ ದುರಗಮ್ಮ, ಎದಿನೋವು, ಮಣ್ಣಿಗೂ ಹೋಗಲಾಗಲಿಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿನಿಮಾದಲ್ಲಿ ಯಾರೂ ಅಷ್ಟು ಛಲೋ ನಟಿಸಿರಲಿಲ್ಲ. ಮಾರೆಮ್ಮ ಕರಗಿಹೋದಳು. ಹುಡುಗಿ ಮನಸ್ಸಿಗೆ ಬಂದಳು, ಮಾತು ಮುಗಿಯಿತು. ಗೌತಮ ನೇತ್ರಾವತಿಯನ್ನು ನೋಡಿದ ನೋಟದಲ್ಲಿ ಹಬ್ಬವೇ ಇತ್ತು.

ಹುಡುಗಿಯ ಹಣೆಗೆ ಹಚ್ಚಲು ಕುಂಕುಮದ ಬಟ್ಟಲಿಗೆ ಕೈ ಚಾಚಿದ ಮಾರೆಮ್ಮ, ಬಟ್ಟಲು ಸರಿಸಿಕೊಟ್ಟ ದುರಗಮ್ಮನ ಕೈಯನ್ನು ಮೆತ್ತಗೆ ದೂರ ಮಾಡಿದಳು.

"ತಪ್ಪು ತಿಳಕೋಬ್ಯಾಡ್ರಿ ಬೀಗ್ತಿ. ಮದುವ್ಯಾಗ ಅರಿಶಿಣ, ಅಕ್ಕಿಕಾಳಿನ ಹೊತ್ತಿನಾಗ ನೀವು ಒಳಗಿರ್ರಿ. ಗಂಡ ಇಲ್ಲದಾರು ಎದುರಿಗೆ ಬರಬಾರದು."

ಊರ ಎಲ್ಲರ ತಾಳಿ ಪೋಣಿಸಿದ ಕೈ ಸೀರೆಯ ಮಡಿಕೆಯೊಳಗೆ ಹೋಯಿತು. ದುರಗಮ್ಮ ಆಗಲಿ ಎಂದಳು. ನೇತ್ರಾವತಿ ಗೌತಮನ ಕಡೆ ನೋಡಿದಳು. ಅವನಿಗೆ ಎಲ್ಲ ಗೊತ್ತಿತ್ತು, ಎಂಟು ದಿನದ ರೆಕಾರ್ಡಿಂಗ್ ಅವನ ಜೇಬಿನಲ್ಲೇ ಇತ್ತು. ಅವನು ಚಹಾದ ಖಾಲಿ ಕಪ್ಪಿನೊಳಗೆ ನೋಡುತ್ತಿದ್ದ.

ಅವಳು ಎದ್ದಳು. ಬಟ್ಟಲಲ್ಲಿ ಬೆರಳದ್ದಿ ಅವ್ವನ ಹಣೆಗೆ ದಪ್ಪಗೆ ಕುಂಕುಮ ಹಚ್ಚಿದಳು.

"ನಮ್ಮವ್ವಗ ಗಂಡನ ಇರಲಿಲ್ರಿ. ಸಾಯೋದೆಲ್ಲಿಂದ ಬಂತು? ಆಕೀಗೆ ಮುತ್ತು ಕಟ್ಟ್ಯಾರ. ನಿಮ್ಮ ಮಗನಿಗೆ ಗೊತ್ತೈತಿ."

ಪಂಪಾಪತಿ ಎದ್ದು ಚಪ್ಪಲಿ ಮೆಟ್ಟಿದ. ಮಾರೆಮ್ಮ ಗಂಡನ ಹಿಂದೆ ನಡೆದಳು. ಬಾಗಿಲಲ್ಲಿ ಗೌತಮ ಒಂದು ಗಳಿಗೆ ನಿಂತ. ಅವಳು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳದಿದ್ದನ್ನು ಹೇಳಿದಳು: ನೀವಂದ್ರ ನನಗ ಜೀವ. ಇಲ್ಲೇ ನಿಲ್ರಿ.

"ಐದು ನಿಮಿಷ ಸುಮ್ಮನಿದ್ರ ಆಗ್ತಿತ್ತು," ಎಂದ ಅವನು. ಸ್ವಲ್ಪ ಹೊತ್ತಿಗೆ ಕಾರು ತಿರುಗಿದ ಸದ್ದು ಕೇಳಿತು.

ನೇತ್ರಾವತಿ ಒಳಗೆ ಬಂದಳು. ಅವ್ವ ತಬ್ಬಿಕೊಂಡಾಳು, ಮಗಳೆಂದರೆ ಹೀಗಿರಬೇಕು ಅಂದಾಳು ಎಂದುಕೊಂಡಿದ್ದಳು. ದುರಗಮ್ಮ ಸೆರಗಿನಿಂದ ಹಣೆಯನ್ನು ಚರ್ಮ ಕಿತ್ತುಬರುವಂತೆ ಉಜ್ಜುತ್ತಿದ್ದಳು.

"ಏನ ಕಟ್ಟಿಕೋಬೇಕು, ಏನ ಹಚ್ಚಿಕೋಬೇಕು ಅಂತ ಹುಟ್ಟಿದಾಗಿಂದ ಮಂದಿ ಹೇಳ್ಯಾರ ನನಗ," ಎಂದಳು. "ಇವತ್ತೊಂದ ದಿನ ನನ್ನ ಕೈಯಾರ ನಾನ ಅಳಿಸಿಕೊಂಡಿದ್ದೆ, ನಿನ್ನ ಸಲುವಾಗಿ. ನೀನೂ ನನ್ನ ಕೇಳಲಿಲ್ಲಲ್ಲ."

ಮಗಳ ಬೆರಳಿನಲ್ಲಿ ಇನ್ನೂ ಕುಂಕುಮವಿತ್ತು. ಒರೆಸಿಕೊಳ್ಳಲು ಅವಳಿಗೆ ಧೈರ್ಯ ಬರಲಿಲ್ಲ.