ಬಾತುಕೋಳಿ ತಾತನ ಅರ್ಧ ಸಾಲು

"ಆಫ್ ಮಾಡೋ ಅದನ್ನ!"

ಕಿಡಿ ಕುರ್ಚಿಯಿಂದ ಎದ್ದ ರಭಸಕ್ಕೆ ಅವಳ ಮುಂದಿದ್ದ ಸ್ಟ್ಯಾಂಡ್ ದಡಾರೆಂದು ಉರುಳಿತು. ಅದರ ಮೇಲಿದ್ದ ಸ್ವರದ ಹಾಳೆಗಳು ಕ್ಲಾಸ್‌ರೂಮಿನ ತುಂಬ ಚೆಲ್ಲಾಡಿದವು. ಆದರೂ ಗುಂಗುರು ಕೂದಲಿನ ಹುಡುಗ ಫೋನ್ ಆಫ್ ಮಾಡಲಿಲ್ಲ. ಬೇಕೆಂದೇ ಇನ್ನೊಂದು ಸಲ ಒತ್ತಿದ.

ಫೋನಿನಲ್ಲಿ ಯಾರೋ ಸೊಗಸಾಗಿ ಹಾಡುತ್ತಿದ್ದರು. ಹಾಡಿನ ನಡುವೆ ಒಂದು ಕ್ಲಾರಿನೆಟ್ ಶುರುವಾಯಿತು. ಮೆಲ್ಲಗೆ ಮೇಲಕ್ಕೆ ಏರಿತು, ಇನ್ನೂ ಏರಿತು, ಇನ್ನೇನು ತುದಿ ಮುಟ್ಟಬೇಕು, "ಕ್ವ್ಯಾಂಕ್!" ಅಂದುಬಿಟ್ಟಿತು. ಹಾಡು ನಿಂತಿತು. "ಅಯ್ಯಯ್ಯೋ! ಈ ಬಾತುಕೋಳೀನ ಒಳಗೆ ಬಿಟ್ಟೋರು ಯಾರ್ರೀ?" ಎಂದ ಹಾಡುಗಾರ. ಸಭೆಯಲ್ಲಿದ್ದ ಜನ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು.

"ಈ ಬಾತುಕೋಳಿ ನಿಮ್ ತಾತ ಅಲ್ವಾ?" ಗುಂಗುರು ಕೇಳಿದ. "ನಮ್ಮಪ್ಪ ಹೇಳಿದ್ರು. ನೀನೂ ಕ್ಲಾರಿನೆಟ್ಟೇ ನುಡಿಸ್ತೀಯ. ಆಡಿಷನ್‌ನಲ್ಲಿ ನೀನೂ ಕ್ವ್ಯಾಂಕ್ ಅಂತೀಯಾ?"

ಡ್ರಮ್ ಹುಡುಗ ನಕ್ಕ. ಪಿಟೀಲಿನವರೆಲ್ಲ ನಕ್ಕರು. ದಿನಾ ಕಿಡಿಯ ತಿಂಡಿ ಡಬ್ಬಿಗೆ ಕೈ ಹಾಕುವ ಅವಳ ಪಕ್ಕದ ಗೆಳತಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಷ್ಟರಲ್ಲಿ ಮಿಸ್ ಒಳಗೆ ಬಂದರು. ಫೋನ್ ಮಾಯವಾಗಿತ್ತು. ಉರುಳಿದ ಸ್ಟ್ಯಾಂಡ್ ಮಾತ್ರ ಹಾಗೇ ಇತ್ತು.

"ಯೂತ್ ಆರ್ಕೆಸ್ಟ್ರಾ ಆಡಿಷನ್‌ಗೆ ಎರಡು ವಾರ ಇದೆ, ಇದೇನು ಅವತಾರ? ಬೀಳಿಸಿದವರು ಎತ್ತಿಡಿ. ಕ್ಲಾಸ್ ಮುಗಿದ ಮೇಲೆ ಕುರ್ಚಿಗಳನ್ನೂ ಜೋಡಿಸಿ ಹೋಗಿ."

ತಪ್ಪು ಮಾಡಿದವನು ಆರಾಮಾಗಿ ಕೂತಿದ್ದಾನೆ, ಕುರ್ಚಿ ಜೋಡಿಸುವವಳು ಕಿಡಿ! ನೀವೇ ಹೇಳಿ, ಕೋಪ ಬರುತ್ತದೋ ಇಲ್ಲವೋ? ಕಿಡಿಗಂತೂ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದಕ್ಕೇ ಅಲ್ಲವೇ ಮನೆಯವರೆಲ್ಲ ಅವಳಿಗೆ ಕಿಡಿ ಅಂತ ಹೆಸರಿಟ್ಟದ್ದು.

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಇನ್ನೊಂದು ಯೋಚನೆ ಕೊರೆಯತೊಡಗಿತು. ಬೀದಿಯಲ್ಲಿ ಎಲ್ಲರೂ ತಾತನನ್ನು ಬಾತುಕೋಳಿ ತಾತ ಅಂತಲೇ ಕರೆಯುತ್ತಿದ್ದರು. ಕ್ಷೌರದಂಗಡಿಯವರು "ಏನ್ ಬಾತುಕೋಳಿ ಸಾರ್, ಚೆನ್ನಾಗಿದೀರಾ?" ಅನ್ನುತ್ತಿದ್ದರು. ತಾತ ಕೈಯೆತ್ತಿ ನಗುತ್ತಿದ್ದ. ತಾತ ನಡೆಯುವಾಗ ಆ ಕಡೆ ಈ ಕಡೆ ವಾಲುತ್ತಾನಲ್ಲ, ಅದಕ್ಕೆ ಹಾಗೆ ಕರೆಯುತ್ತಾರೆ ಅಂತ ಕಿಡಿ ಇಷ್ಟು ದಿನ ಅಂದುಕೊಂಡಿದ್ದಳು. ಮುದ್ದಿನ ಹೆಸರು ಅಂದುಕೊಂಡಿದ್ದಳು. ಅದು ಅಣಕದ ಹೆಸರು!

ಸಂಜೆ ಚಪ್ಪಲಿ ಅಂಗಡಿಯ ಕೆಲಸ ಮುಗಿಸಿ ಬಂದ ಅಮ್ಮನನ್ನು ಬಾಗಿಲಲ್ಲೇ ತಡೆದು ಕೇಳಿದಳು.

"ಹಳೇ ಕತೆ ಬಿಡೇ," ಅಂದಳು ಅಮ್ಮ. "ತಾತ ಆಗ ಬಿಳಿಕೋಟು ಅನ್ನೋ ಹಾಡುಗಾರರ ಆರ್ಕೆಸ್ಟ್ರಾದಲ್ಲಿದ್ದ. ಅವರು ಹಾಡ್ತಿದ್ರು, ಕುಣೀತಿದ್ರು, ಜನರನ್ನ ನಗಿಸ್ತಿದ್ರು. ಅವರ ಶೋ ಅಂದ್ರೆ ಕೂರೋಕೆ ಜಾಗ ಸಿಗ್ತಿರ್ಲಿಲ್ಲ. ಎಲ್ಲಾ ಲೈವ್ ರೆಕಾರ್ಡಿಂಗ್ ಆಗಿದೆ. ಈಗ ಯಾರೋ ಪುಣ್ಯಾತ್ಮರು ಅದನ್ನೆಲ್ಲ ಹೊಸದಾಗಿ ಇಂಟರ್ನೆಟ್ಟಿಗೆ ಬಿಟ್ಟಿದ್ದಾರಂತೆ. ತಾತನ ಹತ್ರ ಮಾತ್ರ ಕೆದಕಬೇಡ, ಆಯ್ತಾ?"

ಕೆದಕಬೇಡ ಅಂದರೆ ಕಿಡಿ ಬಿಡುತ್ತಾಳೆಯೇ? ಆದರೆ ಮೊದಲು ಅವಳು ಒಂದು ನಿರ್ಧಾರ ಮಾಡಿದಳು. ಆಡಿಷನ್‌ನಲ್ಲಿ ಒಂದು ಹಾಡನ್ನು ನಾವೇ ಆರಿಸಿ ನುಡಿಸಬಹುದು. ಅದೇ ಹಾಡನ್ನು ಆರಿಸುತ್ತೇನೆ. ಒಂದೇ ಒಂದು ಕ್ವ್ಯಾಂಕ್ ಇಲ್ಲದೆ ನುಡಿಸಿ, ನಕ್ಕವರ ಬಾಯಿ ಮುಚ್ಚಿಸುತ್ತೇನೆ!

"ಬೇರೆ ಹಾಡು ತಗೋ," ಅಂದರು ಮಿಸ್ ಮರುದಿನ. "ಅದರಲ್ಲಿ ಆ ಏರು ಬಹಳ ಕಷ್ಟ. ಅಲ್ಲಿ ರೀಡ್ ಕೈಕೊಡುತ್ತೆ."

ರೀಡ್ ಅಂದರೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳು ಪಟ್ಟಿ. ಊದಿದಾಗ ಅದು ಅದುರಿದರೆ ನಾದ, ಮುನಿಸಿಕೊಂಡರೆ ಕ್ವ್ಯಾಂಕ್.

"ಪರವಾಗಿಲ್ಲ ಮಿಸ್," ಅಂದಳು ಕಿಡಿ.

ಆದರೆ ಆ ಹಾಡಿನ ಸ್ವರಗಳನ್ನು ಯಾರೂ ಹಾಳೆಯಲ್ಲಿ ಬರೆದಿಟ್ಟಿರಲಿಲ್ಲ. ಕೇಳಿಯೇ ಕಲಿಯಬೇಕು. ಅಮ್ಮನ ಫೋನ್ ಹಿಡಿದು ಕೂತಳು. ಮೊದಲ ರೆಕಾರ್ಡಿಂಗ್‌ನಲ್ಲಿ ಕ್ಲಾರಿನೆಟ್ ಏರಿತು, ಕ್ವ್ಯಾಂಕ್ ಅಂದಿತು. ಜನ ನಕ್ಕರು. ಆಮೇಲೆ ಬಿಳಿಕೋಟು ನೇರವಾಗಿ ಮುಂದಿನ ಚರಣಕ್ಕೆ ಹೋಗಿಬಿಟ್ಟರು. ಕ್ಲಾರಿನೆಟ್ಟಿನ ಸಾಲು ಅರ್ಧಕ್ಕೇ ನಿಂತಿತು.

ಹೋಗಲಿ, ಬೇರೆ ಊರಿನ ಶೋ ಇದೆಯಲ್ಲ, ಅದರಲ್ಲಿ ತಾತ ಸರಿಯಾಗಿ ನುಡಿಸಿರುತ್ತಾನೆ ಅಂತ ಎರಡನೆಯದನ್ನು ಹಾಕಿದಳು. ಕ್ವ್ಯಾಂಕ್! ಮೂರನೆಯದನ್ನು ಹಾಕಿದಳು. ಕ್ವ್ಯಾಂಕ್! ಪ್ರತಿ ಸಲವೂ ಬಿಳಿಕೋಟು ಈಗಷ್ಟೇ ಬೆಚ್ಚಿಬಿದ್ದವರ ಹಾಗೆ "ಅಯ್ಯಯ್ಯೋ! ಈ ಬಾತುಕೋಳೀನ ಒಳಗೆ ಬಿಟ್ಟೋರು ಯಾರ್ರೀ?" ಅನ್ನುತ್ತಿದ್ದರು.

ಕಿಡಿ ಫೋನನ್ನು ಕೆಳಗಿಟ್ಟಳು. ಅಲ್ಲ, ಎಲ್ಲಾ ಊರಲ್ಲೂ ರೀಡ್ ಒಂದೇ ಜಾಗದಲ್ಲಿ ಕೈಕೊಡುತ್ತದೆಯೇ?

ತಾತ ಒಳಗಿನ ಕೋಣೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ. ಕಿಡಿ ಸುಂಟರಗಾಳಿಯ ಹಾಗೆ ನುಗ್ಗಿದಳು.

"ತಾತ! ನೀನು ಬೇಕಂತಲೇ ತಪ್ಪು ನುಡಿಸ್ತಿದ್ದೆ!"

ತಾತ ಮಡಚಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದ.

"ಮೊದಲ್ನೇ ಸಲ ಬೇಕಂತ ಅಲ್ಲಮ್ಮ," ಅಂದ. "ಅವತ್ತು ರೀಡ್ ಸೀಳಿತ್ತು. ನಿಜವಾಗ್ಲೂ ಕ್ವ್ಯಾಂಕ್ ಅಂತು. ಭೂಮಿ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸ್ತು ನಂಗೆ. ಅಷ್ಟರಲ್ಲಿ ಅವರು ಆ ಮಾತು ಅಂದ್ರು. ಜನ ನಕ್ಕರು, ನಾನೂ ನಕ್ಕೆ. ನಿಜ ಹೇಳ್ಲಾ? ಸದ್ಯ ಬಚಾವಾದೆ ಅನ್ನಿಸ್ತು."

"ಆಮೇಲೆ?"

"ಮಾರನೇ ದಿನ ಹೊಸ ರೀಡ್ ಹಾಕ್ಕೊಂಡು ಕೂತಿದ್ದೆ. ಶೋ ಶುರುವಾಗೋಕೆ ಮುಂಚೆ ಅವರು ಹತ್ರ ಬಂದು, 'ಇವತ್ತೂ ಅದನ್ನೇ ಮಾಡಿಬಿಡು ಮಾರಾಯ, ಜನಕ್ಕೆ ಹಿಡಿಸಿದೆ' ಅಂದ್ರು."

"ಆಗಲ್ಲ ಅನ್ನಬೇಕಿತ್ತು!"

"ಅನ್ನಬೇಕಿತ್ತು."

"ಮತ್ತೆ ಯಾಕೆ ಅನ್ಲಿಲ್ಲ?"

"ಒಂದಿನ ತಾನೇ ಅಂದ್ಕೊಂಡೆ. ಒಂದಿನ ಒಂದು ವಾರ ಆಯ್ತು. ಆಮೇಲೆ ಜನ ಅದನ್ನ ಕೇಳೋಕೇ ಬರೋ ಹಾಗಾಯ್ತು. ವರ್ಷಗಟ್ಟಲೆ ಅದನ್ನೇ ಮಾಡಿದೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇದೇ ಅದು. ಕಿಡಿಯ ಕಣ್ಣಲ್ಲಿ ನೀರು ಬಂತು. ಅಳುವಲ್ಲ ಅದು, ಸಿಟ್ಟು.

"ಅವರು ಕೆಟ್ಟವರು!"

"ಕೆಟ್ಟವರಲ್ಲ. ನಂಗೆ ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ರು. ಆದ್ರೆ ಒಂದು ಸಲಾನೂ ಕೇಳ್ಲಿಲ್ಲ, ನಿಂಗೆ ಹೇಗನ್ನಿಸುತ್ತೆ ಅಂತ. ನಾನೂ ಹೇಳ್ಲಿಲ್ಲ."

ಕಿಡಿಗೆ ಬಿಳಿಕೋಟಿನ ಮೇಲೆ ಎಷ್ಟು ಕೋಪ ಬಂತೋ, ತಾತನ ಮೇಲೂ ಅಷ್ಟೇ ಬಂತು. 'ಆಗಲ್ಲ' ಅನ್ನೋದು ಎಷ್ಟು ಚಿಕ್ಕ ಮಾತು! ಅದನ್ನು ಹೇಳೋಕೆ ಆಗಲಿಲ್ಲವೇ ಇಷ್ಟು ದೊಡ್ಡ ತಾತನಿಗೆ?

ಕಣ್ಣು ಒರೆಸಿಕೊಂಡು ಅವಳು ಕೇಳಿದಳು. "ಆ ಸಾಲಿನ ಮಿಕ್ಕಿದ್ದು ಹೇಗಿದೆ?"

ತಾತ ಕೈ ಒರೆಸಿಕೊಂಡು ಅವಳ ಕ್ಲಾರಿನೆಟ್ ತೆಗೆದುಕೊಂಡ. ಮೆಲ್ಲಗೆ ಊದಿದ. ನಾದ ಏರಿತು, ಏರಿತು, ತುದಿ ಮುಟ್ಟಿತು. ಅಲ್ಲಿ ಒಂದು ಗಳಿಗೆ ನಿಂತು, ಬಂದ ದಾರಿ ಬಿಟ್ಟು ಬೇರೆಯೇ ದಾರಿಯಲ್ಲಿ ಬಳುಕುತ್ತಾ ಇಳಿಯಿತು. ಅಷ್ಟು ಚೆಂದದ್ದನ್ನು ಕಿಡಿ ಎಲ್ಲೂ ಕೇಳಿರಲಿಲ್ಲ.

"ಇದನ್ನ ಯಾರೂ ಕೇಳೇ ಇಲ್ವಾ?"

"ಕೇಳಿವೆ. ರಿಹರ್ಸಲ್ ಹಾಲ್‌ನ ಖಾಲಿ ಕುರ್ಚಿಗಳು," ಎಂದು ತಾತ ನಕ್ಕ.

ಕಿಡಿ ನಗಲಿಲ್ಲ. "ನಾನು ಕೇಳಿಸ್ತೀನಿ ಇರು," ಅಂದಳು.

ಆಮೇಲೆ ಶುರುವಾಯಿತು ನೋಡಿ ಪ್ರಾಕ್ಟೀಸು! ಸ್ಕೂಲಿಂದ ಬಂದವಳೇ ಕ್ಲಾರಿನೆಟ್ ಹಿಡಿಯುವಳು. ತುಟಿ ಊದಿಕೊಂಡಿತು. ಪಕ್ಕದ ಮನೆಯವರು ಗೋಡೆ ಕುಟ್ಟಿದರು. ಏರಿನ ತುದಿಯಲ್ಲಿ ಕ್ವ್ಯಾಂಕ್ ಅಂದಾಗಲೆಲ್ಲ ಕಿಡಿ ಕಾಲು ಅಪ್ಪಳಿಸುವಳು.

"ರೀಡನ್ನ ಕಚ್ಚಬೇಡ," ಅನ್ನುವನು ತಾತ. "ಕೋಪ ಬಂದಾಗ ನೀನು ಕಚ್ತೀಯ. ಕಚ್ಚಿದ್ರೆ ಅದು ಕಿರುಚುತ್ತೆ."

"ನೀನು ಆಗಲ್ಲ ಅನ್ನಬೇಕಿತ್ತು," ಅನ್ನುವಳು ಕಿಡಿ. ದಿನಕ್ಕೆ ಒಂದು ಸಲವಾದರೂ ಅನ್ನುವಳು. ತಾತ "ಹೂಂ, ಇನ್ನೊಂದು ಸಲ ನುಡಿಸು," ಅನ್ನುವನು.

ಆಡಿಷನ್ ದಿನ ಬರುವ ಹೊತ್ತಿಗೆ ಕ್ವ್ಯಾಂಕ್ ಪೂರ್ತಿ ಓಡಿಹೋಗಿತ್ತು. ಉದ್ದನೆಯ ಕಾರಿಡಾರಿನಲ್ಲಿ ಬೆಂಚುಗಳ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು. ತಾತ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಜೊತೆಗೆ ಬಂದಿದ್ದ. ಕಿಡಿಯ ಸರದಿ ಬಂತು. ಅವಳು ಬಾಗಿಲು ತಳ್ಳುತ್ತಿರುವಾಗ ಹಿಂದಿನಿಂದ ಸಣ್ಣಗೆ ಕೇಳಿಸಿತು.

"ಕ್ವ್ಯಾಂಕ್."

ಗುಂಗುರು! ಅದೂ ತಾತನ ಎದುರಿಗೇ! ಟ್ರಂಪೆಟ್ ತಬ್ಬಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಸೂರು ನೋಡುತ್ತಿದ್ದ. ಕಿಡಿಯ ಮೈಯೆಲ್ಲ ಉರಿದುಹೋಯಿತು.

ಒಳಗೆ ಮೇಜಿನ ಹಿಂದೆ ಇಬ್ಬರು ಜಡ್ಜ್‌ಗಳಿದ್ದರು. ಒಬ್ಬರು ಬಿಳಿ ಮೀಸೆಯ ಸರ್, ಇನ್ನೊಬ್ಬರು ದಪ್ಪ ಕನ್ನಡಕದ ಮೇಡಂ. ಕಿಡಿ ಶುರು ಮಾಡಿದಳು. ಕ್ಲಾರಿನೆಟ್ ಏರಿತು, ಇನ್ನೂ ಏರಿತು. ಕಿಡಿಯ ಹಲ್ಲುಗಳು ಮಾತ್ರ ಇನ್ನೂ ಗುಂಗುರುವಿನ ಮೇಲಿನ ಸಿಟ್ಟಿನಲ್ಲಿ ಬಿಗಿದುಕೊಂಡಿದ್ದವು.

"ಕ್ವ್ಯಾಂಕ್!"

ಕಿಡಿ ಕ್ಲಾರಿನೆಟ್ ಕೆಳಗಿಳಿಸಿದಳು. ಎಲ್ಲಾ ಮುಗಿಯಿತು ಅಂದುಕೊಂಡಳು.

ಆಗ ಬಿಳಿ ಮೀಸೆಯವರು ಮೇಜು ಕುಟ್ಟಿ ಗಹಗಹಿಸಿ ನಕ್ಕರು. "ಬಾತುಕೋಳಿ! ಆಹಾ, ಎಷ್ಟು ವರ್ಷ ಆಯ್ತು ಇದನ್ನ ಕೇಳಿ! ಚಿಕ್ಕವನಿದ್ದಾಗ ನಮ್ಮಪ್ಪ ಬಿಳಿಕೋಟು ಶೋಗೆ ಕರ್ಕೊಂಡು ಹೋಗಿದ್ರು. ಅದೇ ಜಾಗ, ಅದೇ ಕ್ವ್ಯಾಂಕ್! ಭಲೇ ಹುಡುಗಿ!"

ಮೇಡಂ ಕೂಡ ನಕ್ಕರು. ಪೆನ್ನು ಎತ್ತಿ ಹಿಡಿದು ಕೇಳಿದರು. "ಬೇಕಂತಲೇ ಹಾಗೆ ನುಡಿಸಿದ್ಯಾ ಪುಟ್ಟಿ?"

ಕಿಡಿ ತಲೆಯಾಡಿಸಿದರೆ ಸಾಕಿತ್ತು. ಇಬ್ಬರೂ ಎಷ್ಟು ಪ್ರೀತಿಯಿಂದ ನೋಡುತ್ತಿದ್ದರು! ಅವಳ ತುಟಿಯೂ ತಾನಾಗಿಯೇ ನಗುವಿಗೆ ತಿರುಗಿತು. ಸದ್ಯ, ಬಚಾವಾದೆ ಅನ್ನಿಸಿತು. 'ಹೂಂ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತು.

ಬಚಾವಾದೆ! ತಾತನಿಗೂ ಅವತ್ತು ಹೀಗೇ ಅನ್ನಿಸಿತ್ತಲ್ಲವೇ?

"ಇಲ್ಲ ಮೇಡಂ," ಅಂದಳು ಕಿಡಿ. "ತಪ್ಪಿ ಹಾಗಾಯ್ತು."

ನಗು ನಿಂತಿತು. ಬಿಳಿ ಮೀಸೆಯವರು ಮೀಸೆ ಸವರಿಕೊಂಡರು. "ತಪ್ಪು ಅಂದ್ರೆ ಮಾರ್ಕ್ಸ್ ಹೋಗುತ್ತಲ್ಲಮ್ಮ. ಕ್ಲಾರಿನೆಟ್‌ಗೆ ಇರೋದೇ ಎರಡು ಸೀಟು. ತಮಾಷೆ ಅಂತ ಬಿಟ್ಟುಬಿಡೋಣ್ವಾ?"

"ಬೇಡ ಸರ್. ಮಾರ್ಕ್ಸ್ ಹೋದ್ರೆ ಹೋಗ್ಲಿ. ಆದ್ರೆ ಆ ಸಾಲು ಇನ್ನೂ ಮುಗಿದಿಲ್ಲ. ಮುಗಿಸ್ಲಾ?"

ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಹಾಳೆಯ ಮೇಲೆ ಏನೋ ಗೀಚಿದರು. ಮಾರ್ಕ್ಸ್ ಕಳೆದರು ಅಂತ ಬೇರೆ ಹೇಳಬೇಕೆ? ಆಮೇಲೆ, "ನುಡಿಸು," ಅಂದರು.

ಕಿಡಿ ಹಲ್ಲು ಸಡಿಲಿಸಿ ಉಸಿರು ತುಂಬಿಕೊಂಡಳು. ನಾದ ಏರಿತು, ತುದಿ ಮುಟ್ಟಿತು, ಅಲ್ಲಿ ನಿಂತಿತು. ಬಿಳಿ ಮೀಸೆಯವರು ಇನ್ನೂ ನಗೋಕೆ ಸಿದ್ಧರಾಗಿಯೇ ಕೂತಿದ್ದರು. ನಾದ ಬಳುಕುತ್ತಾ ಇಳಿಯತೊಡಗಿದಾಗ ಅವರು ಬೆರಗಾಗಿ ಮುಂದಕ್ಕೆ ಬಾಗಿದರು.

"ಇದು ಆ ಹಾಡಲ್ಲಿ ಇದ್ಯಾ?" ಕೊನೆಗೆ ಕೇಳಿದರು. "ನಾನು ಕೇಳೇ ಇಲ್ವಲ್ಲ?"

"ಇದೆ ಸರ್," ಅಂದಳು ಕಿಡಿ. "ನುಡಿಸೋಕೆ ಬಿಡ್ತಿರ್ಲಿಲ್ಲ."

ಹೊರಗೆ ಬಂದಾಗ ಗುಂಗುರುವಿನ ಹೆಸರು ಕೂಗಿದರು. ಅವನು ಕಿಡಿಗೆ ಸಾರಿ ಅನ್ನಲಿಲ್ಲ. ಅನ್ನುವ ಪೈಕಿ ಅಲ್ಲ ಅವನು. ಮುಖ ಮಾತ್ರ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಟ್ರಂಪೆಟ್ ಹಿಡಿದುಕೊಂಡು ಒಳಗೆ ಹೋದ.

ತಾತ ಬೆಂಚಿನಿಂದ ಎದ್ದ. ಬಾಗಿಲು ತೆಳ್ಳಗಿತ್ತು, ಎಲ್ಲವೂ ಕೇಳಿಸಿರಬೇಕು. ಅವನ ಕಣ್ಣು ಕೆಂಪಾಗಿತ್ತು. ಅವಳ ಕೈಯಿಂದ ಕ್ಲಾರಿನೆಟ್ ಪೆಟ್ಟಿಗೆ ತೆಗೆದುಕೊಂಡ. ಇಬ್ಬರೂ ಮೆಟ್ಟಿಲು ಇಳಿದರು. ರಿಸಲ್ಟ್ ಬರುವುದು ಮುಂದಿನ ವಾರ.

"ತಾತ," ಅಂದಳು ಕಿಡಿ. "ಅವರು ನಕ್ಕಾಗ ನಂಗೆ ಖುಷಿ ಆಯ್ತು. ಹೂಂ ಅಂದುಬಿಡೋಣ ಅನ್ನಿಸ್ತು."

"ಆದ್ರೆ ಅನ್ಲಿಲ್ಲವಲ್ಲ."

"ಅನ್ನೋದ್ರಲ್ಲಿದ್ದೆ. ಇಷ್ಟರಲ್ಲಿ ತಪ್ತು." ಕಿಡಿ ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದಳು.

ಅವತ್ತು ಅವಳು 'ಆಗಲ್ಲ ಅನ್ನಬೇಕಿತ್ತು' ಅಂತ ಹೇಳಲಿಲ್ಲ. ಕೆಳಗಿನ ಮೆಟ್ಟಿಲಿಗೆ ಬಂದ ಮೇಲೆ ನಿಂತು ಕೇಳಿದಳು.

"ನಾನು ಒಳಗಿದ್ದಾಗ ನೀನು ಹೊರಗೆ ಕೂತಿದ್ದೆ. ನೀನು ಆರ್ಕೆಸ್ಟ್ರಾದಲ್ಲಿದ್ದಾಗ ನಿಂಗೋಸ್ಕರ ಹಾಗೆ ಯಾರು ಕೂತಿದ್ರು ತಾತ?"

ತಾತ ಯೋಚಿಸಿದ. "ಯಾರೂ ಇರ್ಲಿಲ್ಲಮ್ಮ."

ಕಿಡಿಗೆ ಮತ್ತೆ ಸಿಟ್ಟು ಬಂತು. ಈ ಸಲ ಆ ಸಿಟ್ಟಿನಲ್ಲಿ ತಾತನ ಮೇಲಿನದು ಒಂದು ಚೂರೂ ಇರಲಿಲ್ಲ.