ಎಡಭುಜದ ಅಳತೆ

“ಉಸಿರು ಬಿಡಿ ಸಾರ್! ಎದೆ ಉಬ್ಬಿಸಿದ್ರೆ ಕೋಟು ಸಡಿಲ ಆಗತ್ತೆ.”

“ನೀವು ಇಷ್ಟು ಹತ್ತಿರ ನಿಂತ್ರೆ ಉಸಿರು ಎಲ್ಲಿಂದ ಬಿಡ್ಲಿ?”

ದರ್ಜಿಯ ಮಗಳ ಕೈಯಿಂದ ಟೇಪು ಜಾರಿತು. ತಂಗಿಯ ಮದುವೆಗೆ ಕೋಟು ಹೊಲಿಸಲು ಬಂದಿದ್ದ ಅಂಚೆಯವನು ಕಿವಿಯವರೆಗೂ ಕೆಂಪಾದ. ವರ್ಷಗಟ್ಟಲೆ ಚೀಲ ಹೊತ್ತು ಅವನ ಎಡಭುಜ ಅರ್ಧ ಇಂಚು ಇಳಿದಿತ್ತು. ಅವಳು ಅದನ್ನು ಬರೆದುಕೊಳ್ಳಲಿಲ್ಲ. ಮರೆಯುವ ಮಾತೇ ಇರಲಿಲ್ಲ!

ಆಮೇಲೆ ಕಾಗದವಿರಲಿ, ಇಲ್ಲದಿರಲಿ, ಅವನ ಸೈಕಲ್ಲು ಅಂಗಡಿ ಮುಂದೆ ನಿಲ್ಲುತ್ತಿತ್ತು. ಒಂದು ವರ್ಷ ಇಬ್ಬರೂ ಊರಿನ ಮಾತೆಲ್ಲ ಆಡಿದರು, ಆಡಬೇಕಾದ ಒಂದನ್ನು ಬಿಟ್ಟು. ಪೆದ್ದುಗಳು!

ಅಷ್ಟರಲ್ಲಿ ಅಪ್ಪ ಗಂಡು ಗೊತ್ತುಮಾಡಿದರು. ಅವರ ಬಳಿಯೇ ಕೆಲಸ ಕಲಿತವನು, ಒಳ್ಳೆಯವನೇ. ಅದೇ ಕಷ್ಟ! ಹಿರಿಯರು ಆರಿಸಿದ ವರನಿಗೆ ಮದುವೆಯ ಕೋಟನ್ನು ಮಗಳೇ ಕತ್ತರಿಸಿ ಹೊಲಿಯುವುದು ಆ ಮನೆಯ ಪದ್ಧತಿ. ಸೋದರತ್ತೆಯರೆಲ್ಲ ಹೊಲಿದಿದ್ದರು.

‘ಬೇಡ ಅಂದ್ರೆ ಅಪ್ಪನ ಎದೆ ಒಡೆಯತ್ತೆ... ಹೂಂ ಅಂದ್ರೆ ನನ್ನದು!’ ಕೊನೆಗೆ ಕತ್ತರಿ ಹಿಡಿದಳು.

ಬೂದು ಕೋಟಿನ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಾಗ ಅಂಚೆಯವನು ಬಂದ.

“ಯಾರಿಗೆ ಇದು?”

“ನಮ್ಮ ಅಳಿಯ ಆಗೋನಿಗೆ,” ಎಂದು ಒಳಗಿನಿಂದ ಅಪ್ಪನೇ ಹೇಳಿದರು.

ಅವಳು ತಲೆ ಎತ್ತಲಿಲ್ಲ. ಕಣ್ಣೀರು ಕಾಜಾದ ಮೇಲೆ ಬಿತ್ತು. ‘ಒಪ್ಪಿಬಿಟ್ಟಿದ್ದಾಳೆ’ ಎಂದುಕೊಂಡು ಅವನು ಹೊರಟ. ಮರುದಿನದಿಂದ ಆ ಬೀದಿಗೆ ಬೇರೆ ಅಂಚೆಯವನು ಬರತೊಡಗಿದ.

ತೊಡಿಸಿ ನೋಡುವ ದಿನ ವರ ತೋಳು ತೂರಿಸಿದ. ಎಡಗಡೆ ಬಿಗಿಯಾಯಿತು, ಕಾಲರ್ ಓರೆಯಾಯಿತು. ಅರ್ಧ ಇಂಚು ಇಳಿದ ಆ ಭುಜಕ್ಕೆ ಹಿಂದೆ ಮಗಳ ಬಾಯಿಂದ ಅಳತೆ ಕೇಳಿ ಅಪ್ಪನೇ ಬಟ್ಟೆ ಕತ್ತರಿಸಿದ್ದರು. ತಕ್ಷಣ ಗೊತ್ತಾಯಿತು.

“ಇದು ಆ ಪೋಸ್ಟಿನವನ ಅಳತೆ ಅಲ್ವೇನಮ್ಮಾ?”

“ಬೇಕಂತ ಮಾಡ್ಲಿಲ್ಲ ಅಪ್ಪಾ... ಕೈ ತಾನಾಗೇ...”

ವರ ಮೆಲ್ಲಗೆ ಕೋಟು ಕಳಚಿದ. “ಬಿಚ್ಚಿ ಹೊಲಿದ್ರೂ ಇದು ನನಗಾಗಲ್ಲ, ಮೇಷ್ಟ್ರೇ,” ಎಂದು ಹೊರಟುಹೋದ.

ಅಪ್ಪ ಆ ಕೋಟನ್ನು ಮಡಚಿಟ್ಟರು. “ನಾನು ಒಪ್ಪಿದೆ ಅಂದ್ಕೋಬೇಡ. ಆದ್ರೆ ನಿನ್ನನ್ನ ತಡಿಯೋಕೂ ನನ್ನ ಕೈಲಾಗಲ್ಲ. ಹೋಗು...”

ಅಂಚೆ ಕಚೇರಿಯಲ್ಲಿ ಅವನು ಕಾಗದ ವಿಂಗಡಿಸುತ್ತಿದ್ದ.

“ಮದುವೆ...?”

“ನಿಂತ್ಹೋಯ್ತು. ನೀವ್ಯಾಕೆ ಒಂದು ಮಾತೂ ಕೇಳ್ಲಿಲ್ಲ?”

“ಕೇಳಿದ್ರೆ ನಿಮಗಿನ್ನೂ ಕಷ್ಟ ಆಗತ್ತೆ ಅಂತ...”

“ನೀವಂದ್ರೆ ನನಗೆ ಜೀವ ಕಣ್ರೀ! ಆದ್ರೆ ಅಪ್ಪನ್ನೂ ಬಿಡೋಕಾಗಲ್ಲ. ಏನ್ ಮಾಡ್ಲಿ?”

ಅವನ ಕೈಯಿಂದ ಕಾಗದಗಳು ಚೆಲ್ಲಿದವು.

“ಬಿಡಿ ಅಂತ ಯಾರಂದ್ರು? ನಾನೇ ಬಂದು ನಿಮ್ಮ ಮನೆ ಬಾಗಿಲಲ್ಲಿ ಕೂತ್ಕೋತೀನಿ.”

“ಬೈತಾರೆ.”

“ಬೈಲಿ.”

“ಒಳಗೆ ಕರೆಯಲ್ಲ.”

“ಕರೆಯೋ ತನಕ ನೀವೂ ಜೊತೆಗೆ ಕೂತಿರ್ತೀರಾ?”

ಅವಳಿಗೆ ಅಳು ತಡೆಯಲಾಗಲಿಲ್ಲ.

“ಹೂಂ,” ಎಂದಳು.